ಬೀಜ ಡಬ್ಬೀಲಿ ಉಳಿಯಲ್ಲ, ನಾಲ್ಕು ಮನೇಲಿ ಉಳಿಯುತ್ತೆ

ಮೊನ್ನೆ ಭಾನುವಾರ ನಮ್ಮ ಓರಗಿತ್ತಿ ಮಗಳು ಮನೆಗೆ ಬಂದಿದ್ಲು. ತಾರಸಿ ಮೇಲೆ ಕರ್ಕೊಂಡು ಹೋದೆ. ಸಬ್ಬಸಿಗೆ ಸೊಂಟದುದ್ದ ಬೆಳೆದು, ಹೂವೆಲ್ಲಾ ಉದುರಿ, ಕಡ್ಡಿ ಅರ್ಧ ಒಣಗಿ ನಿಂತಿತ್ತು. "ಏನ್ ದೊಡ್ಡಮ್ಮ, ಒಳ್ಳೇ ಪೊದೆ ಬೆಳೆದಂಗೆ ಬಿಟ್ಟಿದ್ದೀರ? ಕಿತ್ತಾಕಿ, ಜಾಗ ವೇಸ್ಟು" ಅಂದ್ಲು. ಬೀಜಕ್ಕೆ ಬಿಟ್ಟಿದ್ದೀನಿ ಕಣೇ ಅಂದೆ. "ಬೀಜ ಪ್ಯಾಕೆಟ್ಟಲ್ಲೇ ಬರುತ್ತಲ್ಲ, ಫೋನಲ್ಲಿ ಒತ್ತಿದ್ರೆ ನಾಳೆ ಬೆಳಗ್ಗೆ ಬಾಗಿಲಲ್ಲಿರುತ್ತೆ" ಅಂತ ನಕ್ಕಳು.

ಅವಳ ಮೇಲೆ ಕೋಪ ಬರಲಿಲ್ಲ. ನಾನೂ ಒಂದು ಕಾಲದಲ್ಲಿ ಹಂಗೇ ಅಂದ್ಕೊಂಡಿದ್ದವಳು. ಆದರೆ ಅವಳು ಕಿತ್ತಾಕಿ ಅಂದ ಆ ಗಿಡ ಅವಳ ಅಜ್ಜಿ ತಂದ ಬೀಜದ್ದು, ಒಂದ್ಸಲ ನನ್ನ ಕೈಯಿಂದಲೇ ಕಳೆದುಹೋಗಿ ಮತ್ತೆ ಸಿಕ್ಕಿದ್ದು. ಆ ಕತೆ ಹೇಳಿದ್ಮೇಲೆ ಅವಳೂ ಒಂದು ಚಿಟಿಕೆ ಬೀಜ ಕೇಳಿ ಇಸ್ಕೊಂಡು ಹೋದ್ಲು. ಅದಕ್ಕೇ ನಿಮಗೂ ಹೇಳೋಣ ಅಂತ.

ನಾನು ಮದುವೆಯಾಗಿ ಕೋಗಿಲಿಗೆ ಬಂದಾಗ ಮನೆ ಹಿಂದೆ ಹಿತ್ತಲಿತ್ತು. ಬಚ್ಚಲ ನೀರು ಹರಿಯೋ ಕಡೆ ದಂಟು, ಸಬ್ಬಸಿಗೆ, ಕೊತ್ತಂಬರಿ, ಮೆಂತ್ಯ. ಬಸ್ಸಾರಿಗೆ, ಮಸ್ಸೊಪ್ಪಿಗೆ ಕೊಳ್ಳೋ ಮಾತೇ ಇರಲಿಲ್ಲ. ಸಬ್ಬಸಿಗೆ ಬೀಜ ನಮ್ಮತ್ತೆ ದೊಡ್ಡಬಳ್ಳಾಪುರದ ಕಡೆ ತಮ್ಮ ತವರಿಂದ ತಂದಿದ್ದು. ಅದರ ಎಲೆ ಸಣ್ಣ, ಘಮ ಮಾತ್ರ ಜೋರು. ಅವರೆಕಾಳಿನ ಸಾರಿಗೆ ಒಂದು ಹಿಡಿ ಹಾಕಿದ್ರೆ ಬೀದಿ ಕೊನೆ ಮನೆಯವರಿಗೂ ಗೊತ್ತಾಗೋದು ಇವತ್ತು ಇವರ ಮನೇಲಿ ಏನು ಅಂತ.

ನಮ್ಮತ್ತೆ ಕೈ ಬಲು ಬಿಗಿ. ಸಕ್ಕರೆ, ಎಣ್ಣೆ ಎಲ್ಲಾ ಅಳೆದು ಕೊಡೋರು. ಬೀಜ ಅಂದ್ರೆ ಮಾತ್ರ ಧಾರಾಳ. ಯಾರು ಬಂದು ಕೇಳಿದ್ರೂ ಪೇಪರ್ ಚೂರಲ್ಲಿ ಪೊಟ್ಟಣ ಕಟ್ಟಿ ಕೊಡೋರು. ಕೇಳದೇ ಇದ್ದವರಿಗೂ ಕೊಡೋರು. ಒಂದೇ ನೇಮ, ಸಂಜೆ ದೀಪ ಹಚ್ಚಿದ ಮೇಲೆ ಬೀಜ ಕೊಡ್ತಿರಲಿಲ್ಲ. ನನಗೆ ಒಳಗೊಳಗೇ ಸಿಟ್ಟು. ಆರಿಸಿ, ಒಣಗಿಸಿ, ಕೇರಿ ಇಡೋಳು ನಾನು, ಹಂಚಿ ಹೆಸರು ತಗೊಳ್ಳೋರು ಅವರು ಅಂತ.

ಆಮೇಲೆ ಏನಾಯ್ತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯ್ತು. ಯಲಹಂಕದಿಂದಾಚೆ ಹೊಲ ಇದ್ದದ್ದೆಲ್ಲಾ ಲೇಔಟು. ನಮ್ಮ ಹಳೇ ಮನೇನೂ ಕೆಡವಿ ಮೂರಂತಸ್ತು ಕಟ್ಟಿದ್ವಿ, ಹಿತ್ತಲ ಮೇಲೆ ಬಾಡಿಗೆ ಮನೆ ಬಂತು. ಸೊಪ್ಪು ತಾರಸಿ ಮೇಲಿನ ಕುಂಡಕ್ಕೆ ಹತ್ತಿತು. ನಮ್ಮತ್ತೆ ಹೋದ ವರ್ಷ ಅವರ ಬೀಜದ ಡಬ್ಬ ನನ್ನ ಪಾಲಿಗೆ ಬಂತು.

ಇನ್ಮೇಲೆ ಯಾರಿಗೂ ಕೊಡಲ್ಲ, ಜೋಪಾನ ಮಾಡ್ತೀನಿ ಅಂದ್ಕೊಂಡೆ. ಆ ವರ್ಷ ಮಳೆಗಾಲದಲ್ಲೇ ಕೊಯ್ದ ಬೀಜ. ಎರಡು ದಿನ ಫ್ಯಾನ್ ಕೆಳಗೆ ಹರಡಿ, ಒಣಗಿದಂಗೆ ಕಾಣಿಸ್ತು ಅಂತ ಪ್ಲಾಸ್ಟಿಕ್ ಕವರಿಗೆ ತುಂಬಿ, ಗಂಟು ಹಾಕಿ ಫ್ರಿಜ್ಜಿನ ಬಾಗಿಲಲ್ಲಿಟ್ಟೆ. ಆಗಾಗ ಆಚೆ ತೆಗೆದು, ಬಿಚ್ಚಿ ನೋಡಿ, ಮತ್ತೆ ಒಳಗಿಡೋದು. ದೀಪಾವಳಿ ಆದ್ಮೇಲೆ ಎರಡು ಕುಂಡಕ್ಕೆ ಹಾಕಿದೆ. ಹದಿನೈದು ದಿನ ಕಾದೆ, ಒಂದೂ ಮೇಲೇಳಲಿಲ್ಲ. ಉಳಿದಿದ್ದನ್ನ ಮೂಸಿ ನೋಡಿದ್ರೆ ಬೂಷ್ಟಿನ ವಾಸನೆ.

ಒಂದು ಸಬ್ಬಸಿಗೆಗೆ ಇಷ್ಟೊಂದು ಯಾಕೆ ಅಂತ ನಮ್ಮೆಜಮಾನ್ರು ಕೇಳಿದ್ರು. ಅವರಮ್ಮ ಅಷ್ಟು ವರ್ಷ ಕಾಪಾಡಿದ್ದನ್ನ ನಾನು ಒಂದೇ ವರ್ಷಕ್ಕೆ ಕಳೆದಿದ್ದೆ. ಅದನ್ನ ಅವರ ಮುಂದೆ ಬಾಯಿ ಬಿಟ್ಟು ಹೇಳೋಕೆ ನನಗೆ ಎರಡು ದಿನ ಬೇಕಾಯ್ತು.

ಹೇಳಿದ ಮೇಲೆ, ನಮ್ಮತ್ತೆ ಯಾರ್ಯಾರಿಗೆ ಬೀಜ ಕೊಟ್ಟಿದ್ರು ಅಂತ ಇಬ್ಬರೂ ಕೂತು ನೆನಪು ಮಾಡ್ಕೊಂಡ್ವಿ. ಎಂಟು ಮನೆ ಲೆಕ್ಕಕ್ಕೆ ಸಿಕ್ತು. ಒಬ್ರು ಅಪಾರ್ಟ್‌ಮೆಂಟಿಗೆ ಹೋಗಿ ಗಿಡಾನೇ ಬಿಟ್ಟಿದ್ರು. ಇನ್ನೊಬ್ರು ಮಾರ್ಕೆಟ್ ಬೀಜದ ಜೊತೆ ಬೆರೆಸಿಬಿಟ್ಟಿದ್ರು. ಮಿಕ್ಕವರಿಗೆ ಇಸ್ಕೊಂಡಿದ್ದೇ ನೆನಪಿಲ್ಲ. ಕೊನೆಗೆ ರಾಜಾನುಕುಂಟೆ ಕಡೆ ಮನೆ ಮಾಡ್ಕೊಂಡು ಹೋಗಿದ್ದ ಒಬ್ಬ ಅಕ್ಕ "ಇದೆ ಬಾರಮ್ಮ, ವರ್ಷಾವರ್ಷ ಹಾಕ್ತೀನಿ" ಅಂದ್ರು. ಹೋದ್ರೆ ಒಂದು ಹಿಡಿ ಬೀಜ ಕೊಟ್ರು. ಕೈಲಿ ಉಜ್ಜಿ ಮೂಸಿದೆ. ಅದೇ ಘಮ.

ನಾನು ಯಾವುದನ್ನ ಧಾರಾಳ ಅಂತ ಆಡ್ಕೊಂಡಿದ್ನೋ, ಅದೇ ನಮ್ಮತ್ತೆ ಬೀಜ ಕಾಪಾಡೋ ದಾರಿ ಆಗಿತ್ತು. ಎಂಟು ಮನೇಲಿ ಏಳು ಮನೆ ಕೈಬಿಟ್ರೂ ಒಂದು ಮನೆ ಕೈಬಿಡಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಬೀಜ ತೆಗೆಯೋದು, ಒಣಗಿಸೋದು, ಡಬ್ಬಿಗೆ ಹಾಕೋದು ಅರ್ಧ ಕೆಲಸ. ಇನ್ನೊಂದು ಮನೆಗೆ ಕೊಟ್ಟಾಗಲೇ ಅದು ಪೂರ್ತಿ.

ಹೊಸದಾಗಿ ಶುರು ಮಾಡೋರಿಗೆ ಮೊದಲರ್ಧ ಹೇಳ್ತೀನಿ. ನಾನು ಮಾಡಿದ ತಪ್ಪು ನೀವು ಮಾಡೋದು ಬೇಡ.

ಶುರು ಮಾಡೋಕೆ ಕೊತ್ತಂಬರಿ, ಸಬ್ಬಸಿಗೆ, ಮೆಂತ್ಯ, ದಂಟು, ತುಳಸಿ ಈ ಐದು ಸಾಕು. ನಮ್ಮ ಬೆಂಗಳೂರು ಹವಾಗುಣಕ್ಕೆ ಲೆಕ್ಕ ಸುಲಭ. ಕೊತ್ತಂಬರಿ, ಸಬ್ಬಸಿಗೆ ದೀಪಾವಳಿ ಹೊತ್ತಿಗೆ ಬಿತ್ತಿದ್ರೆ ಒಂದೂವರೆ ತಿಂಗಳಿಗೆ ಸೊಪ್ಪು, ಶಿವರಾತ್ರಿ ಆಸುಪಾಸಿಗೆ ಬೀಜ. ಆವಾಗ ಮಳೆ ಇರಲ್ಲ, ಗಾಳಿ ಒಣಗಿರುತ್ತೆ, ಬೀಜ ತಾನಾಗೇ ಒಣಗುತ್ತೆ. ಮಳೆಗಾಲದ ಬೀಜ ನೆಚ್ಕೋಬೇಡಿ, ನನ್ನ ಕತೆ ನೋಡಿದ್ರಲ್ಲ.

ನಾವೆಲ್ಲಾ ಮಾಡೋ ದೊಡ್ಡ ತಪ್ಪು ಇದು: ಚೆನ್ನಾಗಿರೋ ಗಿಡ ಎಲ್ಲಾ ಕಿತ್ತು ಸಾರಿಗೆ ಹಾಕ್ತೀವಿ, ಬಡಕಲಾಗಿ ಮೂಲೇಲಿ ಉಳಿದದ್ದನ್ನ ಬೀಜಕ್ಕೆ ಬಿಡ್ತೀವಿ. ತಾಯಿ ಬಡಕಲಾದ್ರೆ ಮಕ್ಕಳು ಹೆಂಗಾಗ್ತವೆ? ಮೊದಲೇ ಒಳ್ಳೆ ಗಿಡಕ್ಕೆ ಒಂದು ಕೆಂಪು ದಾರ ಕಟ್ಟಿಬಿಡಿ, ಮನೇಲಿ ಯಾರೂ ಕೀಳದಂಗೆ. ಇನ್ನೊಂದು ಗುಟ್ಟಿದೆ. ಎಲ್ಲಕ್ಕಿಂತ ಮೊದಲು ಹೂವಿಗೆ ಬಂದ ಗಿಡದ ಬೀಜ ಇಡಬೇಡಿ. ಬೇಗ ಬೀಜ ಸಿಗುತ್ತೆ ಅಂತ ಆಸೆ ಆಗುತ್ತೆ, ಆದರೆ ಅದರ ಮಕ್ಕಳೂ ನಾಲ್ಕು ಎಲೆ ಬಿಟ್ಟು ಹೂವಿಗೆ ಹೋಗ್ತವೆ. ನಮಗೆ ಬೇಕಾಗಿರೋದು ಸೊಪ್ಪು. ತಡವಾಗಿ ಹೂ ಬಿಡೋ ಗಿಡಕ್ಕೆ ದಾರ ಕಟ್ಟಿ. ಕೊತ್ತಂಬರಿ, ಸಬ್ಬಸಿಗೆ ಜೇನು, ನೊಣ ಓಡಾಡಿ ಬೆರಕೆ ಆಗೋ ಗಿಡ. ಒಂದೇ ಗಿಡದಿಂದ ಬೀಜ ತೆಗೀತಾ ಹೋದ್ರೆ ವರ್ಷದಿಂದ ವರ್ಷಕ್ಕೆ ಕಸುವು ಇಳಿಯುತ್ತೆ. ಹತ್ತು ಹದಿನೈದು ಗಿಡ ಬಿಟ್ಟು, ಎಲ್ಲದರದ್ದೂ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ.

ಕೊಯ್ಯೋ ಹದ ಕಣ್ಣಿಗೇ ಗೊತ್ತಾಗುತ್ತೆ. ಸಬ್ಬಸಿಗೆ, ಕೊತ್ತಂಬರಿ ಕೊಡೆ ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಬೇಕು. ನಡುವಿನ ದೊಡ್ಡ ಕೊಡೆ ಮೊದಲು ಬಲಿಯುತ್ತೆ, ಬೀಜಾನೂ ಅದರದ್ದೇ ದಪ್ಪ. ಪೂರ್ತಿ ಒಣಗೋ ತನಕ ಕಾದ್ರೆ ಅರ್ಧ ನೆಲದ ಪಾಲು. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರೋಕೆ ಮುಂಚೆ ಕಡ್ಡಿ ಸಮೇತ ಕತ್ತರಿಸಿ, ಪೇಪರ್ ಚೀಲದೊಳಗೆ ತಲೆಕೆಳಗಾಗಿ ನೇತುಹಾಕಿ. ಉದುರಿದ್ದೆಲ್ಲಾ ಚೀಲಕ್ಕೇ ಬೀಳುತ್ತೆ. ಮೆಂತ್ಯದ ಕಾಯಿ ಸಣ್ಣ ಕತ್ತಿ ಥರ ಉದ್ದಕ್ಕೆ ಬಂದು ಹಳದಿಯಾದಾಗ ಗಿಡಾನೇ ಕೀಳಿ. ದಂಟಿನ ತೆನೇನ ಅಂಗೈಲಿ ಉಜ್ಜಿದ್ರೆ ಕರೀ ಮಿಣಮಿಣ ಕಾಳು ಉದುರಬೇಕು, ಆಗ ಸರಿ. ತುಳಸಿ ಕದಿರು ಬುಡದಿಂದ ಒಣಗ್ತಾ ಬರುತ್ತೆ. ಮುಕ್ಕಾಲು ಕಂದಾದಾಗ ಚಿವುಟಿ. ಒಂದೊಂದು ಸಿಪ್ಪೆ ಒಳಗೆ ನಾಲ್ಕು ಬೀಜದ ತನಕ ಇರುತ್ತೆ, ಹೊಟ್ಟು ಅಂತ ಊದಿಬಿಡಬೇಡಿ. ಮಿಕ್ಕಿದ್ದನ್ನ ಮೊರದಲ್ಲಿ ಕೇರಿದ್ರೆ ಜಳ್ಳೆಲ್ಲಾ ಹಾರುತ್ತೆ. ಮೊರ ಇಲ್ಲದಿದ್ರೆ ಅಗಲ ತಟ್ಟೆ, ಸಣ್ಣಗೆ ಫ್ಯಾನು.

ಎಲ್ಲಾ ಗಿಡಾನೂ ಬೀಜದಿಂದ ಮಾಡ್ಕೊಬೇಕು ಅಂತಿಲ್ಲ. ಪುದೀನ ಬೀಜಕ್ಕೆ ಕಾಯಬೇಡಿ, ಬೇರು ಬಿಟ್ಟ ಒಂದು ಕಡ್ಡಿ ಸಾಕು. ದೊಡ್ಡಪತ್ರೇನೂ ಕಡ್ಡಿ ನೆಟ್ಟರೇ ಬರುತ್ತೆ. ಅದರ ಎಲೆ ಓಮದ ಥರ ಘಮ್ ಅನ್ನುತ್ತೆ ಅಂತ ಕೆಲವರು ಅದರಿಂದಲೇ ಓಮದ ಕಾಳು ಬರುತ್ತೆ ಅಂದ್ಕೊಂಡಿದ್ದಾರೆ. ಬರಲ್ಲ, ಓಮದ ಗಿಡವೇ ಬೇರೆ, ಅದು ಕೊತ್ತಂಬರಿ, ಸಬ್ಬಸಿಗೆ ವಂಶದ್ದು. ಕರಿಬೇವಂತೂ ಪೂರಾ ಉಲ್ಟಾ. ಕರೀ ಹಣ್ಣಿನ ತಿರುಳು ತೊಳೆದು ಹಸಿಯಾಗಿರುವಾಗಲೇ ಬಿತ್ತಬೇಕು, ಒಣಗಿಸಿ ಡಬ್ಬಿಗೆ ಹಾಕಿದ್ರೆ ಸತ್ತೇ ಹೋಯ್ತು.

ಈಗ ನಾನು ಎಡವಿದ ಜಾಗ, ಒಣಗಿಸಿ ಇಡೋದು. ನೆರಳಲ್ಲಿ, ಗಾಳಿ ಆಡೋ ಕಡೆ ಬಟ್ಟೆ ಮೇಲೆ ತೆಳ್ಳಗೆ ಹರಡಿ, ದಿನಾ ಕೈಯಾಡಿಸಿ, ಒಂದು ವಾರ ಹತ್ತು ದಿನ ಒಣಗಿಸಿ. ನಡುಮಧ್ಯಾಹ್ನದ ಬಿಸಿಲಿಗೆ ಸಿಮೆಂಟ್ ತಾರಸಿ ಮೇಲೆ ಹಾಕಿದ್ರೆ ಬೀಜ ಹುರಿದಂಗೆ ಆಗುತ್ತೆ. ಮೆಂತ್ಯ ಹಲ್ಲಲ್ಲಿ ಕಚ್ಚಿದ್ರೆ ಟಕ್ ಅಂತ ಒಡೀಬೇಕು, ಹಲ್ಲಿನ ಗುರುತು ಬಿದ್ರೆ ಇನ್ನೂ ಹಸಿ. ಬೀಜ ವಿಜ್ಞಾನಿಗಳಲ್ಲಿ ಹ್ಯಾರಿಂಗ್ಟನ್ ಅನ್ನೋರದ್ದು ಒಂದು ಹೆಸರುವಾಸಿ ಲೆಕ್ಕ ಇದೆ. ಬೀಜದ ಒಳಗಿನ ತೇವ ಶೇಕಡಾ 1ರಷ್ಟು ಇಳಿದ್ರೆ ಅದರ ಆಯಸ್ಸು ಹೆಚ್ಚುಕಮ್ಮಿ ಎರಡರಷ್ಟು, ಇಟ್ಟ ಜಾಗದ ಶಾಖ 5 ಡಿಗ್ರಿ ಇಳಿದ್ರೂ ಎರಡರಷ್ಟು. ನಾನು ಮೊದಲನೇದು ಬಿಟ್ಟು ಎರಡನೇದಕ್ಕೆ ಹೋದೆ. ಹಸಿ ಬೀಜಾನ ತಣ್ಣಗಿಟ್ಟೆ. ಸಾಲದು ಅಂತ ತಣ್ಣಗಿದ್ದ ಕವರನ್ನ ಬೆಚ್ಚಗಿನ ಅಡುಗೆಮನೇಲಿ ಬಿಚ್ಚಿದಾಗಲೆಲ್ಲಾ, ಫ್ರಿಜ್ಜಿಂದ ತೆಗೆದ ಚೊಂಬು ಬೆವರಲ್ವಾ, ಹಂಗೆ ಬೀಜದ ಮೇಲೂ ನೀರು ಕೂತಿದೆ. ಫ್ರಿಜ್ಜಲ್ಲಿ ಇಡಲೇಬೇಕು ಅಂದ್ರೆ ಚೆನ್ನಾಗಿ ಒಣಗಿದ ಬೀಜ, ಬಿಗಿ ಮುಚ್ಚಳದ ಗಾಜಿನ ಬಾಟ್ಲು. ತೆಗೆದಾಗ ಅರ್ಧ ದಿನ ಹಂಗೇ ಇಟ್ಟು, ಬಾಟ್ಲು ಬೆಚ್ಚಗಾದ ಮೇಲೆ ಮುಚ್ಚಳ ತೆಗೀರಿ.

ನಮ್ಮತ್ತೆಗೆ ಫ್ರಿಜ್ಜೂ ಇರಲಿಲ್ಲ, ಲೆಕ್ಕಾನೂ ಗೊತ್ತಿರಲಿಲ್ಲ. ಸೌದೆ ಒಲೆ ಬೂದಿ ಜರಡಿ ಹಿಡಿದು, ಬೀಜಕ್ಕೆ ಸಮಸಮ ಬೆರೆಸಿ, ಮಡಕೇಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಡೋರು. ಬೂದಿ ತೇವ ಎಳ್ಕೊಳ್ಳುತ್ತೆ, ಹುಳಾನೂ ಹತ್ತಿರ ಬಿಡಲ್ಲ. ನಮಗೆ ಈಗ ಗ್ಯಾಸು, ಬೂದಿ ಎಲ್ಲಿಂದ ತರೋಣ? ನಾನು ಎರಡು ಚಮಚ ಅಕ್ಕಿ ಕೆಂಪಗೆ ಹುರಿದು, ಆರಿಸಿ, ಬಟ್ಟೇಲಿ ಗಂಟು ಕಟ್ಟಿ ಬಾಟ್ಲು ತಳಕ್ಕೆ ಹಾಕ್ತೀನಿ. ಅದೂ ತೇವ ಎಳ್ಕೊಳ್ಳುತ್ತೆ. ಮೇಲೆ ಹೆಸರು, ತಿಂಗಳು, ವರ್ಷ, ಯಾರ ಮನೇದು ಅಂತ ಚೀಟಿ. ಸಬ್ಬಸಿಗೆ, ಕೊತ್ತಂಬರಿ ಎರಡು ಮೂರು ವರ್ಷ, ದಂಟು ನಾಲ್ಕೈದು ವರ್ಷ ತಡೀತವೆ. ಅನುಮಾನ ಬಂದ್ರೆ ಒದ್ದೆ ಬಟ್ಟೇಲಿ ಹತ್ತು ಬೀಜ ಸುತ್ತಿಡಿ. ಹತ್ತು ಹನ್ನೆರಡು ದಿನದಲ್ಲಿ ಏಳೆಂಟು ಮೊಳೆತ್ರೆ ಚಿಂತೆ ಇಲ್ಲ, ಮೂರೇ ಮೊಳೆತ್ರೆ ಒತ್ತಾಗಿ ಬಿತ್ತಿ. ದನ್ಯಾನ ಬಿತ್ತೋ ಮುಂಚೆ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ. ಆ ಒಂದು ಗುಂಡಲ್ಲಿ ಎರಡು ಬೀಜ ಇರೋದು.

ಅಂಗಡಿ ಪ್ಯಾಕೆಟ್ ಬೇಡ ಅಂತ ನಾನು ಹೇಳಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಒಳ್ಳೊಳ್ಳೆ ತಳಿ ಮಾಡಿದೆ. ನಮ್ಮ ಪಕ್ಕದ ಜಿಕೆವಿಕೆ ಕೃಷಿ ಮೇಳಕ್ಕೆ ಹೋದಾಗ ನಾನೂ ತಂದಿದ್ದೀನಿ. ಆದರೆ ಪ್ಯಾಕೆಟ್ ಮೇಲೆ ಎಫ್1 ಹೈಬ್ರಿಡ್ ಅಂತಿದ್ರೆ ಅದರಿಂದ ಬೀಜ ಇಡೋಕೆ ಹೋಗಬೇಡಿ, ಮಕ್ಕಳು ತಾಯಿ ಥರ ಬರಲ್ಲ, ಒಂದೊಂದು ಒಂದೊಂದು ಥರ. ಪ್ಯಾಕೆಟ್ಟಿನ ಬೀಜಕ್ಕೆ ಬಣ್ಣ ಹಚ್ಚಿದ್ರೆ ಅದು ಔಷಧಿ, ಮಿಕ್ಕಿದ್ದನ್ನ ಮಸಾಲೆ ಡಬ್ಬಿಗೆ ಸುರೀಬೇಡಿ. ದಿನಸಿ ಅಂಗಡಿ ದನ್ಯ ಹಾಕಿದ್ರೂ ಮೊಳೆಯುತ್ತೆ, ಆದರೆ ಕಾಳಿಗಾಗಿ ಬೆಳೆಸೋ ತಳಿಯಾದ್ರೆ ಎಲೆ ಕಮ್ಮಿ, ಬೇಗ ಹೂವು. ಸಂತೇಲಿ ನಾಟಿ ಕೊತ್ತಂಬರಿ ಕಟ್ಟಿಗೆ ಎರಡು ಕಾಸು ಜಾಸ್ತಿ ಕೊಟ್ಟು ತರ್ತೀವಲ್ಲ, ಆ ನಾಟಿ ಬೀಜ ಯಾರೋ ಒಬ್ರು ಇಡ್ತಾ ಬಂದಿರೋದಕ್ಕೆ ತಾನೆ ನಮಗೆ ಇನ್ನೂ ಸಿಗ್ತಿರೋದು.

ನಮ್ಮ ಕಡೆಯ ದೇವನಹಳ್ಳಿ ಚಕ್ಕೋತಕ್ಕೆ, ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚಕ ಅಂತ ಸರ್ಕಾರದ ಮುದ್ರೆ ಇದೆ. ಸಂತೋಷ. ಆದರೆ ನಮ್ಮತ್ತೆ ಸಬ್ಬಸಿಗೆಗೆ ಮುದ್ರೆ ಒತ್ತೋಕೆ ಯಾರೂ ಬರಲ್ಲ. ಅದು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನ ಉಳಿಸಿದ್ರೆ ನಾವೇ, ಕಳೆದ್ರೂ ನಾವೇ.

ಕೆಲವರು ಕೇಳ್ತಾರೆ, ಬೀಜ ಹಿಂಗೆ ಹಂಚಬಹುದಾ, ಕಾನೂನು ಗೀನೂನು ಏನಾದ್ರೂ ಅಂತ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ರೈತರು ತಾವು ಬೆಳೆದ ಬೀಜ ಇಟ್ಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಬದಲಾಯಿಸ್ಕೊಬಹುದು, ಮಾರಲೂಬಹುದು ಅಂತಲೇ ಹೇಳುತ್ತೆ. ಕಾಯ್ದೆ ಕಾಪಾಡೋ ತಳಿಯ ಬೀಜಾನ ಬ್ರ್ಯಾಂಡ್ ಹೆಸರು ಹಾಕಿ ಮಾರೋ ಹಂಗಿಲ್ಲ, ಅಷ್ಟೇ. ತಾರಸಿ ಮೇಲಿನ ನಾಟಿ ಸಬ್ಬಸಿಗೇನ ಪಕ್ಕದ ಮನೆಗೆ ಕೊಡೋಕೆ ಯಾರಪ್ಪಣೆ ಬೇಕು?

ದೊಡ್ಡ ದೊಡ್ಡ ದೇಶಗಳು ಮಾಡೋದೂ ನಮ್ಮತ್ತೆ ಮಾಡಿದ್ದೇ. ನಾರ್ವೆ ದೇಶದ ಸ್ವಾಲ್ಬಾರ್ಡ್ ಅನ್ನೋ ಹಿಮದ ದ್ವೀಪದಲ್ಲಿ ಬೆಟ್ಟ ಕೊರೆದು ಒಂದು ಬೀಜದ ಕಣಜ ಮಾಡಿದ್ದಾರೆ. ಅದು ಶುರುವಾಗಿದ್ದೂ ನಮ್ಮ ವಿಮಾನ ನಿಲ್ದಾಣದ ವರ್ಷ, 2008ರಲ್ಲೇ. ಬೇರೆ ಬೇರೆ ದೇಶದವರು ತಮ್ಮ ಬೀಜದ ಇನ್ನೊಂದು ಪಾಲು ಅಲ್ಲಿ ಇಡ್ತಾರೆ. ಸಿರಿಯಾದಲ್ಲಿ ಯುದ್ಧ ಆಗಿ ಅಲೆಪ್ಪೊ ಹತ್ತಿರದ ಬೀಜ ಭಂಡಾರ ಕೈಗೆಟುಕದಂಗೆ ಆದಾಗ, ಅದರವರು 2015ರಲ್ಲಿ ಸ್ವಾಲ್ಬಾರ್ಡಿಂದ ತಮ್ಮ ಪಾಲನ್ನ ವಾಪಸ್ ತಗೊಂಡು, ಲೆಬನಾನ್, ಮೊರಾಕೊದಲ್ಲಿ ಬಿತ್ತಿ ಬೆಳೆಸಿ, ಆಮೇಲೆ ಮತ್ತೆ ಅಲ್ಲಿಗೇ ಒಂದು ಪಾಲು ಕಳಿಸಿದ್ರು. ನನಗೆ ರಾಜಾನುಕುಂಟೆ ಅಕ್ಕನ ಮನೆ ಇದ್ದಂಗೆ ಅವರಿಗೆ ಸ್ವಾಲ್ಬಾರ್ಡ್. ಅಷ್ಟು ದೂರ ಯಾಕೆ, ನಮ್ಮ ಶಿರಸಿ ಕಡೆ ವನಸ್ತ್ರೀ ಅಂತ ಹೆಂಗಸರ ಗುಂಪು ಹಿತ್ತಲ ಬೀಜಗಳನ್ನ ಮನೆಮನೆಗೆ ಹಂಚ್ಕೊಂಡೇ ಕಾಪಾಡ್ಕೊಂಡು ಬಂದಿದೆ.

ಈಗ ನನ್ನ ಮನೆ ನೇಮ ಹಿಂಗಿದೆ. ಬಂದ ಬೀಜದಲ್ಲಿ ಮೂರು ಪಾಲು. ಒಂದು ಮುಂದಿನ ಬಿತ್ತನೆಗೆ. ಒಂದು ಎತ್ತಿಡೋಕೆ, ಆ ವರ್ಷ ಮಳೆ ಹೊಡೆದು ಗಿಡ ಹಾಳಾದ್ರೆ ಕೈಗಿರಲಿ ಅಂತ. ಇನ್ನೊಂದು ಕೊಡೋಕೆ. ಕೊಡುವಾಗ ಸುಮ್ಮನೆ ಕೊಡಲ್ಲ, ಯಾವಾಗ ಬಿತ್ತಬೇಕು, ಯಾವ ಗಿಡಕ್ಕೆ ದಾರ ಕಟ್ಟಬೇಕು ಅಂತ ಹೇಳೇ ಕೊಡ್ತೀನಿ. ನಮ್ಮತ್ತೆ ಪೊಟ್ಟಣ ಕೊಟ್ರು, ಬಾಯಲ್ಲಿ ಹೇಳಲಿಲ್ಲ. ಏಳು ಮನೇಲಿ ಹೋಗಿದ್ದು ಅದಕ್ಕೇ ಇರಬಹುದು ಅಂತ ನನಗನ್ಸುತ್ತೆ. ಯಾರ್ಯಾರಿಗೆ ಕೊಟ್ಟೆ ಅಂತ ಕ್ಯಾಲೆಂಡರ್ ಹಿಂದೆ ಬರೆದಿಡ್ತೀನಿ. ಸಾಲದ ಲೆಕ್ಕ ಅಲ್ಲ, ನನ್ನ ಮನೇಲಿ ಹೋದಾಗ ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಿರಲಿ ಅಂತ.

ಈ ಸಲ ಒಂದು ಬಾಟ್ಲು ಪೂರ್ತಿ ಬಂದಿದೆ. ನಮ್ಮ ಬೀದಿಯವರು, ಜಕ್ಕೂರು, ಅಳ್ಳಾಳಸಂದ್ರ ಕಡೆಯವರು, ನೆಂಟರು, ಯಾರು ಬೇಕಾದ್ರೂ ಬನ್ನಿ. ನಿಮ್ಮ ಮನೇಲಿ ಅಮ್ಮಂದೋ ಅತ್ತೇದೋ ಯಾವುದಾದ್ರೂ ಸೊಪ್ಪಿನ ಬೀಜ ಇದ್ರೆ ಒಂದು ಚಿಟಿಕೆ ತನ್ನಿ, ನನ್ನ ಬಾಟ್ಲಲ್ಲೂ ಜಾಗ ಇದೆ. ಹಗಲೊತ್ತಲ್ಲೇ ಬನ್ನಿ. ದೀಪ ಹಚ್ಚಿದ ಮೇಲೆ ಕೊಡಲ್ಲ.